ಗೋಡೆಯ ಖಾತೆ ಯಾರ ಹೆಸರಿಗೆ?

ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಮೌಂಟ್ ಟೇಬರ್ ಎಂಬ ಗುಡ್ಡವಿದೆ. ಅದರ ಮೇಲಿನ ಉದ್ಯಾನದಲ್ಲಿ 1933ರಿಂದ ಹಾರ್ವೆ ಸ್ಕಾಟ್ ಎಂಬ ಪತ್ರಿಕಾ ಸಂಪಾದಕನ ಕಂಚಿನ ಪ್ರತಿಮೆ ನಿಂತಿತ್ತು. ಹೆಂಗಸರಿಗೆ ಮತದ ಹಕ್ಕು ಕೊಡಬಾರದೆಂದು ವರ್ಷಗಟ್ಟಲೆ ವಾದಿಸಿದ ಮನುಷ್ಯ ಈತ. ಪ್ರತಿಮೆ ಮಾಡಿದವನು ಗಟ್ಜನ್ ಬೋರ್ಗ್ಲಮ್, ಮೌಂಟ್ ರಶ್‌ಮೋರ್ ಬಂಡೆಯಲ್ಲಿ ಅಧ್ಯಕ್ಷರ ಮುಖಗಳನ್ನು ಕೊರೆದವನು. 2020ರ ಅಕ್ಟೋಬರ್‌ನಲ್ಲಿ ಪ್ರತಿಭಟನಕಾರರು ಪ್ರತಿಮೆಯನ್ನು ಉರುಳಿಸಿದರು. ನಾಲ್ಕು ತಿಂಗಳು ಪೀಠ ಖಾಲಿ ಉಳಿಯಿತು. 2021ರ ಫೆಬ್ರುವರಿಯ ಒಂದು ಬೆಳಿಗ್ಗೆ ನೋಡಿದರೆ ಅದೇ ಪೀಠದ ಮೇಲೆ ಒಬ್ಬ ಕಪ್ಪು ಮನುಷ್ಯನ ಎದೆಮಟ್ಟದ ದೊಡ್ಡ ಪ್ರತಿಮೆ. ಹೆಸರು ಯಾರ್ಕ್. ತಂದಿಟ್ಟವರು ಯಾರೆಂದು ಆಗ ಯಾರಿಗೂ ತಿಳಿಯದು. ನಗರಾಡಳಿತದವರೂ ಇದ್ದರೆ ಇರಲಿ ಎಂದರು.

1804ರಿಂದ 1806ರವರೆಗೆ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಖಂಡವನ್ನು ದಾಟಿ ಪೆಸಿಫಿಕ್ ಕಡಲು ಮುಟ್ಟಿತಲ್ಲ, ಆ ತಂಡದಲ್ಲಿದ್ದ ಏಕೈಕ ಕಪ್ಪು ಮನುಷ್ಯ ಯಾರ್ಕ್. ಕ್ಲಾರ್ಕ್‌ನ ಗುಲಾಮ. ಬೇಟೆಯಾಡಿದ, ದೋಣಿ ಎಳೆದ. 1805ರ ಚಳಿಗಾಲದಲ್ಲಿ ಬಿಡಾರ ಎಲ್ಲಿ ಹೂಡಬೇಕೆಂದು ತಂಡದವರ ಅಭಿಪ್ರಾಯ ಕೇಳಿದಾಗ ಈತನ ಮಾತೂ ದಾಖಲಾಯಿತು. ಹಿಂತಿರುಗಿದ ಮೇಲೆ ತಂಡದ ಮಿಕ್ಕ ಗಂಡಸರಿಗೆ ಸಂಬಳ, ಜಮೀನು ಸಿಕ್ಕಿತು. ಯಾರ್ಕ್‌ಗೆ ವರ್ಷಗಟ್ಟಲೆ ಬಿಡುಗಡೆಯೂ ಸಿಗಲಿಲ್ಲ. ಆತನ ಮುಖ ಹೇಗಿತ್ತೆಂದು ಹೇಳುವ ಒಂದೇ ಒಂದು ಚಿತ್ರವೂ ಉಳಿದಿಲ್ಲ. ಮೌಂಟ್ ಟೇಬರ್ ಮೇಲೆ ಕಂಡ ಮುಖ ಪೂರ್ತಿ ಕಲ್ಪನೆಯದು. ಜನ ಬಂದು ನೋಡಿದರು, ಹೂವಿಟ್ಟರು. ಜುಲೈ ಕೊನೆಯಲ್ಲಿ ಯಾರೋ ಅದನ್ನು ಕೆಡವಿ ಒಡೆದುಹಾಕಿದರು. ಆ ಪ್ರತಿಮೆಯನ್ನು ರೂಪಿಸಿದವರು ಟಾಡ್ ಮೆಕ್‌ಗ್ರೇನ್, ಅಳಿದುಹೋದ ಹಕ್ಕಿಗಳ ಶಿಲ್ಪಗಳಿಗೆ ಹೆಸರಾದ ಬಿಳಿಯ ಕಲಾವಿದರು, ಎಂಬುದು ಆಮೇಲೆ ಗೊತ್ತಾಯಿತು.

ಅಮೆರಿಕದ ವಾಯವ್ಯ ಮೂಲೆಯಲ್ಲಿ ಕಪ್ಪು ಜನ ಮತ್ತು ಕಲೆಯ ಪ್ರಶ್ನೆ ಹೇಗಿದೆ ಎಂದು ತಿಳಿಯಲು ಈ ಐದು ತಿಂಗಳ ಕತೆಯಿಂದ ಶುರುಮಾಡಬಹುದು. ಇಲ್ಲದ ಮುಖವನ್ನು ಯಾರು ಬರೆಯಬೇಕು, ಯಾರಿಗೆ ತೋರಿಸಲು ಬರೆಯಬೇಕು ಎಂಬ ಚರ್ಚೆ ಅಲ್ಲಿ ದಶಕಗಳಿಂದ ನಡೆದಿದೆ. ಆದರೆ ಈ ಪ್ರದೇಶದ ಚರಿತ್ರೆಯನ್ನು ಕ್ರಮವಾಗಿ ಓದುತ್ತ ಹೋದರೆ ಚರ್ಚೆಯ ಬುಡದಲ್ಲಿ ಇನ್ನೊಂದು ಪ್ರಶ್ನೆ ಸಿಗುತ್ತದೆ. ಪೀಠ ಯಾರದ್ದು? ಗೋಡೆಯ ಖಾತೆ ಯಾರ ಹೆಸರಿಗಿದೆ? ಪ್ರಾತಿನಿಧ್ಯದ ಬಗ್ಗೆ ಬರೆಯುವವರು ಚಿತ್ರದಲ್ಲಿ ಎಷ್ಟು ಮುಖಗಳಿವೆ ಎಂದು ಎಣಿಸುತ್ತಾರೆ. ಜಮೀನಿನ ಕಾಗದ ತೆಗೆದು ನೋಡುವವರು ಕಡಿಮೆ.

ಈ ಪ್ರದೇಶ ಬಿಳಿಯರದಾಗಿದ್ದು ತಾನಾಗಿ ಅಲ್ಲ, ಕಾನೂನು ಮಾಡಿಯೇ ಹಾಗೆ ಮಾಡಿದ್ದು. ಒರೆಗಾನ್ ಇನ್ನೂ ರಾಜ್ಯವಾಗುವ ಮೊದಲೇ, 1844ರಲ್ಲಿ, ಅಲ್ಲಿನ ತಾತ್ಕಾಲಿಕ ಸರ್ಕಾರ ಗುಲಾಮಗಿರಿಯನ್ನು ನಿಷೇಧಿಸಿತು. ಅದೇ ಕಾನೂನಿನಲ್ಲಿ ಕಪ್ಪು ಜನ ಗಡುವಿನೊಳಗೆ ನೆಲ ಬಿಟ್ಟು ಹೋಗಬೇಕು, ಹೋಗದವರಿಗೆ ಚಾಟಿಯೇಟು ಎಂದೂ ಬರೆಯಿತು. ಏಟಿನ ಭಾಗ ಜಾರಿಗೆ ಬರುವ ಮೊದಲೇ ರದ್ದಾಯಿತು. 1849ರಲ್ಲಿ ಮತ್ತೊಂದು ನಿಷೇಧ ಬಂತು, ಅದರಡಿ 1851ರಲ್ಲಿ ಜೇಕಬ್ ವ್ಯಾಂಡರ್‌ಪೂಲ್ ಎಂಬ ವ್ಯಾಪಾರಿಯನ್ನು ಗಡಿಪಾರು ಮಾಡಿದರು. 1857ರಲ್ಲಿ ಜನರ ಮತಕ್ಕೆ ಹಾಕಿದಾಗ ಗುಲಾಮಗಿರಿ ಬೇಡ ಎಂದವರಿಗಿಂತ ಹೆಚ್ಚು ಮಂದಿ ಕಪ್ಪು ಜನರೇ ಬೇಡ ಎಂದರು. 1859ರಲ್ಲಿ ಅಮೆರಿಕ ಒಕ್ಕೂಟಕ್ಕೆ ಸೇರುವಾಗ ಸಂವಿಧಾನದಲ್ಲೇ ಇಂಥ ನಿಷೇಧ ಇಟ್ಟುಕೊಂಡು ಬಂದ ರಾಜ್ಯ ಒರೆಗಾನ್ ಒಂದೇ. ಅದನ್ನು ಕೈಬಿಟ್ಟದ್ದು 1926ರಲ್ಲಿ. ಬಣ್ಣದ ಕಾರಣಕ್ಕೆ ಮತದ ಹಕ್ಕು ನಿರಾಕರಿಸಬಾರದೆನ್ನುವ ಹದಿನೈದನೇ ತಿದ್ದುಪಡಿಗೆ ಈ ರಾಜ್ಯ ಒಪ್ಪಿಗೆ ಕೊಟ್ಟದ್ದು 1959ರಲ್ಲಿ. ಇಂದಿಗೂ ರಾಜ್ಯದ ಜನಸಂಖ್ಯೆಯಲ್ಲಿ ಕಪ್ಪು ಜನ ಶೇ. 2ರ ಆಸುಪಾಸು, ಪೋರ್ಟ್‌ಲ್ಯಾಂಡ್‌ನಲ್ಲಿ ಶೇ. 6ರಷ್ಟು.

ಇಂಥ ಕಡೆ ಮೊದಲ ಕಪ್ಪು ಕಲಾವಿದ ಹೇಗೆ ಬದುಕಿದ? ಗ್ರಾಫ್ಟನ್ ಟೈಲರ್ ಬ್ರೌನ್ 1841ರಲ್ಲಿ ಹುಟ್ಟಿದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಲ್ಲಚ್ಚಿನ ಕಸುಬು ಮಾಡಿ, 1880ರ ದಶಕದಲ್ಲಿ ಉತ್ತರಕ್ಕೆ ಬಂದು ಮೌಂಟ್ ಹುಡ್, ಮೌಂಟ್ ರೇನಿಯರ್‌ಗಳ ಹಿಮದ ಶಿಖರಗಳನ್ನು ಬರೆದ. ಭೂದೃಶ್ಯಗಳು ಮಾರಾಟವಾದವು. ಹಲವು ಸರ್ಕಾರಿ ದಾಖಲೆಗಳಲ್ಲಿ ಆತ ಬಿಳಿಯ ಎಂದು ನಮೂದಾಗಿದ್ದಾನೆ. ತಿಳಿಬಣ್ಣದ ಮನುಷ್ಯ, ತನ್ನನ್ನು ಬಿಳಿಯನೆಂದುಕೊಂಡವರನ್ನು ತಿದ್ದಿದಂತೆ ಕಾಣುವುದಿಲ್ಲ. ಆತನ ಚಿತ್ರಗಳಲ್ಲಿ ಬೆಟ್ಟವಿದೆ, ನದಿಯಿದೆ, ಜಲಪಾತವಿದೆ, ಬರೆದವನ ಬಣ್ಣದ ಸುಳಿವಿಲ್ಲ. ಇದನ್ನು ಹೇಡಿತನ ಎನ್ನಲು ನನಗೆ ಮನಸ್ಸಿಲ್ಲ. ಕಾಲಿಟ್ಟರೇ ಅಪರಾಧ ಎನ್ನುವ ಸಂವಿಧಾನವಿದ್ದ ನೆಲದಲ್ಲಿ ನಿಂತು ಅದೇ ನೆಲದ ಸೊಬಗನ್ನು ಬರೆದು ಬಿಳಿಯರಿಗೆ ಮಾರಿದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ಮಾತನ್ನೂ ನೆನಪಿಡಬೇಕು. ಕಪ್ಪು ಮುಖ ಇಲ್ಲಿ ಕಾಣುತ್ತಲೇ ಇರಲಿಲ್ಲ ಎಂಬುದು ಸರಿಯಲ್ಲ. 1930ರ ಆಸುಪಾಸಿನಲ್ಲಿ ಸಿಯಾಟಲ್ ಮತ್ತು ಪೋರ್ಟ್‌ಲ್ಯಾಂಡ್ ಎರಡೂ ಕಡೆ ‘ಕೂನ್ ಚಿಕನ್ ಇನ್’ ಎಂಬ ಹೋಟೆಲು ತೆರೆಯಿತು. ಹೆಸರಿನ ಮೊದಲ ಪದವೇ ಬೈಗುಳ. ಬಾಗಿಲಿಗೆ ಎರಡಾಳೆತ್ತರದ ಕಪ್ಪು ಮನುಷ್ಯನ ತಲೆ: ಕೆಂಪು ತುಟಿ, ಕಣ್ಣು ಮಿಟುಕಿಸುವ ನಗು, ತಲೆಗೆ ಹೋಟೆಲ್ ಮಾಣಿಯ ಟೋಪಿ. ಗಿರಾಕಿಗಳು ಆ ತೆರೆದ ಬಾಯಿಯ ಮೂಲಕವೇ ಒಳಗೆ ಹೋಗಿ ಕೋಳಿ ತಿನ್ನಬೇಕು. ತಟ್ಟೆ, ಲೋಟ, ಮೆನು ಎಲ್ಲದರ ಮೇಲೂ ಅದೇ ಮುಖ. ಸಿಯಾಟಲಿನ ಕಪ್ಪು ಜನರ ಪತ್ರಿಕೆ ‘ನಾರ್ತ್‌ವೆಸ್ಟ್ ಎಂಟರ್‌ಪ್ರೈಸ್’ ಮತ್ತು ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಎನ್‌ಎಎಸಿಪಿ ಸಂಘದವರು ಗಲಾಟೆ ಮಾಡಿದ್ದಕ್ಕೆ ಮಾಲೀಕರು ಅಲ್ಲಿಷ್ಟು ಇಲ್ಲಿಷ್ಟು ಬಣ್ಣ ಬದಲಿಸಿದರೇ ಹೊರತು ಬಾಗಿಲು ತೆಗೆಯಲಿಲ್ಲ. 1940ರ ದಶಕದ ಕೊನೆಯವರೆಗೂ ವ್ಯಾಪಾರ ನಡೆಯಿತು. ಬದುಕುವ ಕಪ್ಪು ಮನುಷ್ಯನಿಗೆ ಮನೆ ಮಾರದ ಊರಿನಲ್ಲಿ ಬಾಗಿಲಿನ ಕಪ್ಪು ತಲೆಗೆ ಮುಖ್ಯರಸ್ತೆಯಲ್ಲೇ ಸೈಟು ಸಿಕ್ಕಿತ್ತು.

ಮನೆ ಮಾರದ ಊರು ಎಂದದ್ದು ಅಲಂಕಾರಕ್ಕಲ್ಲ. ಬಿಳಿಯರ ಬೀದಿಗಳಲ್ಲಿ ಕಪ್ಪು ಜನರಿಗೆ, ಏಷ್ಯಾದವರಿಗೆ ಮನೆ ಮಾರಿದರೆ ಅದು ವೃತ್ತಿಧರ್ಮಕ್ಕೆ ವಿರುದ್ಧವೆಂದು 1919ರಲ್ಲಿ ಪೋರ್ಟ್‌ಲ್ಯಾಂಡಿನ ರಿಯಲ್ ಎಸ್ಟೇಟ್ ಮಂಡಳಿ ನಿಯಮ ಮಾಡಿತ್ತು. ಎರಡನೇ ಮಹಾಯುದ್ಧದಲ್ಲಿ ಹಡಗುಕಟ್ಟೆಗಳಿಗೆ ಆಳು ಬೇಕಾದಾಗ ದಕ್ಷಿಣದಿಂದ ಸಾವಿರಾರು ಕಪ್ಪು ಕುಟುಂಬಗಳು ಬಂದವು. ಅವರನ್ನು ಎಲ್ಲಿಡುವುದು? ಕೊಲಂಬಿಯಾ ನದಿಯ ದಂಡೆಯ ತಗ್ಗಿನಲ್ಲಿ 1942ರಲ್ಲಿ ವ್ಯಾನ್‌ಪೋರ್ಟ್ ಎಂಬ ಊರು ಎದ್ದಿತು, ಬಿಳಿಯ ಕಾರ್ಮಿಕರಿಗೂ ಅದೇ. ಜನಸಂಖ್ಯೆ 40,000 ಮುಟ್ಟಿ ರಾಜ್ಯದ ಎರಡನೇ ದೊಡ್ಡ ಪಟ್ಟಣವಾಯಿತು. 1948ರ ಮೇ 30ರ ಬೆಳಿಗ್ಗೆ, ನದಿ ಉಕ್ಕುತ್ತಿದ್ದಾಗ, ವಸತಿ ಮಂಡಳಿಯವರು ಮನೆಮನೆಗೆ ಚೀಟಿ ಹಂಚಿದರು: ಒಡ್ಡು ಗಟ್ಟಿಯಾಗಿದೆ, ಬಿಟ್ಟುಹೋಗುವ ಪ್ರಸಂಗ ಬಂದರೆ ನಾವೇ ಹೇಳುತ್ತೇವೆ ಎಂಬರ್ಥದ್ದು. ಸಂಜೆಯೊಳಗೆ ಒಡ್ಡು ಒಡೆದು ಊರೇ ಇರಲಿಲ್ಲ. ಹದಿನೈದು ಜನ ಸತ್ತರು, ಸುಮಾರು 18,500 ಜನ ಬೀದಿಗೆ ಬಿದ್ದರು. ಅವರಲ್ಲಿ ಮೂರರಲ್ಲೊಂದು ಭಾಗ ಕಪ್ಪು ಜನ.

ಆ ಕಪ್ಪು ಜನ ಸೇರಿಕೊಂಡದ್ದು ಆಲ್ಬೈನಾ ಎಂಬ ಬಡಾವಣೆಗೆ. ಸೇರಿಕೊಳ್ಳಲು ಬೇರೆ ಜಾಗ ಬಿಟ್ಟಿರಲಿಲ್ಲ. ಅಲ್ಲಿ ಜಾಝ್ ಕ್ಲಬ್ಬುಗಳು, ಚರ್ಚುಗಳು, ಅಂಗಡಿಗಳು ಬೆಳೆದವು. ಬೆಳೆದ ಮೇಲೆ ಒಂದೊಂದಾಗಿ ಕೆಡವಿದರು. 1960ರ ಕ್ರೀಡಾಂಗಣಕ್ಕೆ ನೂರಾರು ಮನೆ ಹೋಯಿತು. ಹೆದ್ದಾರಿಗೆ ಮತ್ತಷ್ಟು. 1970ರ ದಶಕದ ಆರಂಭದಲ್ಲಿ ಒಂದು ಆಸ್ಪತ್ರೆಯ ವಿಸ್ತರಣೆಗೆಂದು ಸುಮಾರು 300 ಮನೆ, ಅಂಗಡಿಗಳನ್ನು ನೆಲಸಮ ಮಾಡಿದರು. ಅಷ್ಟರಲ್ಲಿ ಕೇಂದ್ರದ ಹಣ ನಿಂತುಹೋಯಿತು, ನೆಲ ದಶಕಗಳ ಕಾಲ ಹುಲ್ಲು ಬೆಳೆದು ಬಿದ್ದಿತ್ತು. ವಿಲಿಯಮ್ಸ್ ಮತ್ತು ರಸೆಲ್ ರಸ್ತೆಗಳು ಕೂಡುವಲ್ಲಿ ಹಿಲ್ ಬ್ಲಾಕ್ ಎಂಬ ಹಳೆಯ ಕಟ್ಟಡವಿತ್ತು, ಅದರ ನೆತ್ತಿಯ ಮೇಲೆ ಒಂದು ಚೆಂದದ ಗುಮ್ಮಟ. ಕಟ್ಟಡ ಕೆಡವುವಾಗ ಗುಮ್ಮಟವನ್ನು ಮಾತ್ರ ಯಾರೋ ಉಳಿಸಿಕೊಂಡರು. ಈಗ ಅದು ಹತ್ತಿರದ ಡಾಸನ್ ಪಾರ್ಕಿನ ಮಂಟಪದ ಮೇಲಿದೆ. ಮುಖ ಎಣಿಸುವ ಲೆಕ್ಕದಲ್ಲಿ ಇದೂ ಪ್ರಾತಿನಿಧ್ಯವೇ. ಕೆಳಗಿನ ಕಟ್ಟಡವಿಲ್ಲ, ಅದರಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದವರಿಲ್ಲ.

1970ರ ದಶಕದ ಕೊನೆಯಲ್ಲಿ ಇದೇ ಆಲ್ಬೈನಾದ ಒಂದು ಕಟ್ಟಡದ ಹೊರಗೋಡೆಗಳ ಮೇಲೆ ಕಪ್ಪು ಕಲಾವಿದರ ಗುಂಪೊಂದು ತಮ್ಮ ಚರಿತ್ರೆಯನ್ನು ಆಳೆತ್ತರದ ಚಿತ್ರಗಳಲ್ಲಿ ಬರೆಯಿತು. ಮುಂದಾಳು ಐಸಾಕಾ ಶಂಸುದ್ದೀನ್. ಟೆಕ್ಸಸ್‌ನಲ್ಲಿ ಹುಟ್ಟಿ, ಎಳೆಯನಾಗಿ ವ್ಯಾನ್‌ಪೋರ್ಟಿಗೆ ಬಂದು, ಪ್ರವಾಹವನ್ನು ಕಣ್ಣಾರೆ ಕಂಡ ಮನೆಯವರು. ಒರೆಗಾನಿನಲ್ಲಿ ಕಪ್ಪು ಜನ ತಾವೇ ತಮ್ಮ ಬಗ್ಗೆ ಅಷ್ಟು ದೊಡ್ಡದಾಗಿ ಸಾರ್ವಜನಿಕ ಗೋಡೆಯ ಮೇಲೆ ಮಾತಾಡಿದ್ದು ಅಪರೂಪದ ಪ್ರಸಂಗ. ಇಂದು ಆ ಚಿತ್ರಗಳಿಲ್ಲ. ಮಳೆಯ ಊರು, ಬಣ್ಣ ನಿಲ್ಲುವುದಿಲ್ಲ ಎನ್ನುವುದು ನಿಜ. ಆದರೆ ಬಣ್ಣ ಸುಲಿದಾಗ ಮತ್ತೆ ಬಳಿಯುವವರು ಬೇಕಲ್ಲ, ಅದಕ್ಕೆ ಗೋಡೆಯ ಮೇಲೆ ಹಕ್ಕಿರಬೇಕು.

ಹಾಗಾಗಿ ಪ್ರತಿಭೆಯುಳ್ಳವರು ಹೊರಟುಹೋಗುವುದು ಇಲ್ಲಿಯ ಹಳೆಯ ಕತೆ. ತೆಲ್ಮಾ ಜಾನ್ಸನ್ ಸ್ಟ್ರೀಟ್ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಹುಟ್ಟಿ ಪೋರ್ಟ್‌ಲ್ಯಾಂಡಿನಲ್ಲಿ ಕಲಿತವರು. 1942ರಲ್ಲಿ ಅವರ ‘ರ‍್ಯಾಬಿಟ್ ಮ್ಯಾನ್’ ಚಿತ್ರವನ್ನು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಕೊಂಡಿತು. ಆ ಸಂಸ್ಥೆ ಕಪ್ಪು ಹೆಣ್ಣುಮಗಳೊಬ್ಬಳ ಚಿತ್ರ ಕೊಂಡದ್ದು ಅದೇ ಮೊದಲು. ಮೆಕ್ಸಿಕೋದ ಚಿತ್ರಕಾರ ಡಿಯೇಗೋ ರಿವೇರಾ ಜೊತೆ ಕೆಲಸ ಮಾಡಿದರು, ಕುಣಿದರು, ಜಗತ್ತು ಸುತ್ತಿದರು, ಕಪ್ಪು ನಾವಿಕನೊಬ್ಬನ ಸಾವನ್ನು ಬರೆದಿದ್ದಕ್ಕೆ ಕು ಕ್ಲಕ್ಸ್ ಕ್ಲಾನ್‌ನವರಿಂದ ಬೆದರಿಕೆ ತಿಂದರು. 1953ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಹುಟ್ಟಿದ ಕ್ಯಾರಿ ಮೇ ವೀಮ್ಸ್ ಹದಿಹರೆಯದಲ್ಲೇ ಊರು ಬಿಟ್ಟರು. ಅಡುಗೆಮನೆಯ ಒಂದೇ ಮೇಜು, ಮೇಲೊಂದು ದೀಪ, ಅದರ ಸುತ್ತ ಒಬ್ಬ ಹೆಂಗಸಿನ ಇಡೀ ಬದುಕು ಎಂಬ 1990ರ ಅವರ ಛಾಯಾಚಿತ್ರ ಸರಣಿ ಇಂದು ಜಗತ್ಪ್ರಸಿದ್ಧ. 1983ರಲ್ಲಿ ಸಿಯಾಟಲಿನಲ್ಲಿ ಹುಟ್ಟಿದ ನೋವಾ ಡೇವಿಸ್ ಲಾಸ್ ಏಂಜಲೀಸಿಗೆ ಹೋಗಿ, ಸಾಲು ಅಂಗಡಿಗಳನ್ನು ಬಾಡಿಗೆಗೆ ಹಿಡಿದು 2012ರಲ್ಲಿ ‘ಅಂಡರ್‌ಗ್ರೌಂಡ್ ಮ್ಯೂಸಿಯಂ’ ಕಟ್ಟಿದರು, 32ನೇ ವಯಸ್ಸಿಗೇ ತೀರಿಕೊಂಡರು. ಊರುಗಳು ಈಗ ಈ ಹೆಸರುಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಹೋದ ಮೇಲೆ ಹೇಳಿಕೊಳ್ಳುವುದು ಸುಲಭ.

ಬಂದು ನೆಲೆಸಿದವರೂ ಇದ್ದಾರೆ, ಅವರಲ್ಲಿ ದೊಡ್ಡ ಹೆಸರು ಜೇಕಬ್ ಲಾರೆನ್ಸ್. ದಕ್ಷಿಣದಿಂದ ಉತ್ತರದ ನಗರಗಳಿಗೆ ಕಪ್ಪು ಜನ ವಲಸೆ ಹೋದ ಕತೆಯನ್ನು 60 ಪುಟ್ಟ ಫಲಕಗಳಲ್ಲಿ ಬರೆದಾಗ ಅವರಿಗೆ ಇಪ್ಪತ್ತಮೂರರ ಆಸುಪಾಸಿನ ವಯಸ್ಸು. 1971ರಲ್ಲಿ ಸಿಯಾಟಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಬಂದವರು 2000ದಲ್ಲಿ ಸಾಯುವವರೆಗೂ ಅಲ್ಲೇ ಉಳಿದರು. ಬಂದ ಎರಡೇ ವರ್ಷಕ್ಕೆ ಅವರು ಜಾರ್ಜ್ ವಾಷಿಂಗ್ಟನ್ ಬುಷ್ ಎಂಬಾತನ ಪಯಣವನ್ನು ಐದು ಚಿತ್ರಗಳಲ್ಲಿ ಬರೆದರು. ಬುಷ್ 1844ರಲ್ಲಿ ಬಂಡಿ ಕಟ್ಟಿಕೊಂಡು ಒರೆಗಾನಿಗೆ ಹೊರಟ ಕಪ್ಪು ರೈತ. ಅಲ್ಲಿಯ ಹೊಸ ಕಾನೂನು ಕೇಳಿ, ಜೊತೆಯ ಬಿಳಿಯ ಕುಟುಂಬಗಳೊಂದಿಗೆ ಕೊಲಂಬಿಯಾ ನದಿ ದಾಟಿ ಉತ್ತರಕ್ಕೆ ನಡೆದುಬಿಟ್ಟ. ಇಂದಿನ ವಾಷಿಂಗ್ಟನ್ ರಾಜ್ಯದ ಟಮ್‌ವಾಟರ್ ಆ ಗುಂಪು ಕಟ್ಟಿದ ಊರು. ಬರಗಾಲದಲ್ಲಿ ಬುಷ್ ಧಾನ್ಯ ಮಾರಿಕೊಳ್ಳದೆ ನೆರೆಯವರಿಗೆ ಹಂಚಿದ. ಆದರೂ ಕಪ್ಪು ಮನುಷ್ಯನ ಹೆಸರಿಗೆ ಜಮೀನು ಮಾಡಿಕೊಡಲು 1850ರ ಭೂದಾನ ಕಾಯ್ದೆಯಲ್ಲಿ ಅವಕಾಶವಿರಲಿಲ್ಲ. ನೆರೆಯವರೇ ಅರ್ಜಿ ಹಾಕಿ, 1855ರಲ್ಲಿ ಅಮೆರಿಕದ ಸಂಸತ್ತು ಆತನೊಬ್ಬನಿಗಾಗಿ ಪ್ರತ್ಯೇಕ ಮಸೂದೆ ಮಾಡಿ 640 ಎಕರೆ ಖಾತೆ ಮಾಡಿಕೊಟ್ಟಿತು. ಆತನ ಮಗ 1889ರಲ್ಲಿ ವಾಷಿಂಗ್ಟನ್ ರಾಜ್ಯದ ಮೊದಲ ಶಾಸನಸಭೆಗೆ ಆರಿಸಿಬಂದ. ಸಿಯಾಟಲಿಗೆ ಆಗಷ್ಟೇ ಬಂದ ಲಾರೆನ್ಸ್ ಇಲ್ಲಿಯ ಚರಿತ್ರೆಯಿಂದ ಆರಿಸಿಕೊಂಡದ್ದು ಈ ಜಮೀನಿನ ಕತೆಯನ್ನು.

ಲಾರೆನ್ಸ್ ಅವರ ಹೆಂಡತಿ ಗ್ವೆಂಡೊಲಿನ್ ನೈಟ್ ಕೂಡ ಒಳ್ಳೆಯ ಚಿತ್ರಕಾರ್ತಿ. ಗಂಡನ ಹೆಸರಿನ ಕೆಳಗೆ ಅರ್ಧ ಶತಮಾನ ಕೆಲಸ ಮಾಡಿದರು. ಅವರ ಕೃತಿಗಳ ದೊಡ್ಡ ಸಿಂಹಾವಲೋಕನ ಪ್ರದರ್ಶನ ಟಕೋಮಾ ಮ್ಯೂಸಿಯಂನಲ್ಲಿ ನಡೆದದ್ದು 2003ರಲ್ಲಿ, ಆಗ ಅವರಿಗೆ ತೊಂಬತ್ತು. ಕಲ್ಲುಕುಟಿಗ ಜೇಮ್ಸ್ ವಾಷಿಂಗ್ಟನ್ ಯುದ್ಧಕಾಲದಲ್ಲಿ ಮಿಸಿಸಿಪ್ಪಿಯ ಕಡೆಯಿಂದ ನೌಕಾಕಟ್ಟೆಯ ಕೆಲಸಕ್ಕೆ ಬಂದು, ಗ್ರಾನೈಟಿನಲ್ಲಿ ಹಕ್ಕಿ, ಮೊಲಗಳನ್ನು ಕಡೆಯುತ್ತ ಸಿಯಾಟಲಿನ ಸೆಂಟ್ರಲ್ ಡಿಸ್ಟ್ರಿಕ್ಟ್‌ನ ಸ್ವಂತ ಮನೆಯಲ್ಲೇ ಬದುಕಿದರು. ಅವರು ತೀರಿದ ಮೇಲೂ ಆ ಮನೆ, ಹಿತ್ತಲಿನ ಕಾರ್ಯಾಗಾರ ಎರಡೂ ಉಳಿದಿವೆ. ಸ್ವಂತದ್ದಾಗಿತ್ತು, ಉಳಿಯಿತು. ಲಾರೆನ್ಸ್ ಅವರ ಶಿಷ್ಯೆ ಬಾರ್ಬರಾ ಅರ್ಲ್ ಥಾಮಸ್, ಸಿಯಾಟಲಿನಲ್ಲೇ ಹುಟ್ಟಿದವರು, ಕಾಗದವನ್ನು ಕತ್ತರಿಸಿ ಹಿಂದಿನಿಂದ ಬೆಳಕು ಬಿಟ್ಟು ಕಪ್ಪು ಮಕ್ಕಳ ಮುಖಗಳನ್ನು ಮಾಡುತ್ತಾರೆ. ಎದುರು ನಿಂತವರಿಗೆ ಮೊದಲು ಬೆಳಕು ಕಾಣುತ್ತದೆ, ಆಮೇಲೆ ಮಗು.

ಈಗ ನೋಡುವವರ ಪ್ರಶ್ನೆಗೆ ಬರೋಣ. ಇಲ್ಲಿಯ ಗ್ಯಾಲರಿಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಪ್ರೇಕ್ಷಕರು ಬಿಳಿಯರಾದರೆ ಕಪ್ಪು ಕಲಾವಿದ ಯಾರೊಡನೆ ಮಾತಾಡಬೇಕು? 1957ರಿಂದ 1966ರವರೆಗೆ ಪೋರ್ಟ್‌ಲ್ಯಾಂಡ್ ಸ್ಟೇಟ್ ಕಾಲೇಜಿನಲ್ಲಿ ಪಾಠ ಹೇಳಿದ ರಾಬರ್ಟ್ ಕೋಲ್ಸ್ಕಾಟ್ ಕಂಡುಕೊಂಡ ದಾರಿ ಕುಚೋದ್ಯದ್ದು. ಅಮೆರಿಕದ ಶಾಲಾಪುಸ್ತಕಗಳಲ್ಲಿ ಜಾರ್ಜ್ ವಾಷಿಂಗ್ಟನ್ ದೋಣಿಯಲ್ಲಿ ಡೆಲವೇರ್ ನದಿ ದಾಟುವ ಪ್ರಸಿದ್ಧ ಚಿತ್ರವಿದೆಯಲ್ಲ, 1975ರಲ್ಲಿ ಅದನ್ನೇ ಬರೆದು ಅಧ್ಯಕ್ಷರ ಜಾಗದಲ್ಲಿ ಕಪ್ಪು ಕೃಷಿವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರನ್ನು ನಿಲ್ಲಿಸಿದರು. ದೋಣಿ ತುಂಬ ಬಿಳಿಯರು ಮೂದಲಿಕೆಗೆ ಬಳಸುತ್ತಿದ್ದ ಅಡುಗೆಯವಳು, ಬ್ಯಾಂಜೋ ನುಡಿಸುವವನು, ಹೆಂಡ ಕುಡಿಯುವವನು. ಕೂನ್ ಚಿಕನ್ ಇನ್ನಿನ ಬಾಗಿಲಿನಿಂದ ಎದ್ದುಬಂದಂಥ ಮುಖಗಳು. ಬಿಳಿಯ ನೋಡುಗ ನಕ್ಕರೂ ಸಿಕ್ಕಿಬಿದ್ದ, ನಗದಿದ್ದರೂ ಸಿಕ್ಕಿಬಿದ್ದ. ಆ ಚಿತ್ರ 2021ರಲ್ಲಿ 1.53 ಕೋಟಿ ಡಾಲರಿಗೆ ಹರಾಜಾಯಿತು. ಪೋರ್ಟ್‌ಲ್ಯಾಂಡಿನಲ್ಲೇ ನೆಲೆಸಿ ನಡುವಯಸ್ಸಿನಲ್ಲಿ ಕಲಾಶಾಲೆ ಸೇರಿದ ಆರ್ವಿ ಸ್ಮಿತ್ ಅದೇ ಜಾಡಿನಲ್ಲಿ ಹೋಗಿ, ಕೆಂಪು ನೀಲಿಗಳ ಅಬ್ಬರದಲ್ಲಿ ಆ ಹಳೆಯ ಕುಚೇಷ್ಟೆಯ ಮುಖಗಳನ್ನು ಎತ್ತಿ ತಂದು ಎದುರಿಗೆ ನಿಲ್ಲಿಸುತ್ತಾರೆ. ಇದನ್ನು ಕಪ್ಪು ಸಮುದಾಯದವರೆಲ್ಲ ಒಪ್ಪುವುದಿಲ್ಲ. ನಮ್ಮ ಅವಮಾನವನ್ನೇ ಮತ್ತೆ ಯಾಕೆ ತೂಗುಹಾಕಬೇಕು ಎಂಬ ಆಕ್ಷೇಪವಿದೆ, ಅದರಲ್ಲಿ ತೂಕವೂ ಇದೆ. ನನಗೆ ಕೋಲ್ಸ್ಕಾಟ್ ಹಿಡಿಸುತ್ತಾರೆ. ಆದರೆ ದಿನಾ ಕಣ್ಣಿಗೆ ಬೀಳುವಂತೆ ಗೋಡೆಗೆ ಹಾಕಿಕೊಳ್ಳಲು ಮನಸ್ಸಾಗುವುದು ಥಾಮಸ್ ಅವರ ಬೆಳಕಿನ ಮಕ್ಕಳನ್ನು.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಎರಡೂ ನಗರಗಳಲ್ಲಿ ಕಪ್ಪು ಮುಖಗಳು ಒಮ್ಮೆಲೇ ಎಲ್ಲೆಡೆ ಕಾಣತೊಡಗಿದವು. ಸಿಯಾಟಲಿನ ಪೈನ್ ಸ್ಟ್ರೀಟ್ ಮೇಲೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಎಂಬುದರ ಹದಿನಾರು ಇಂಗ್ಲಿಷ್ ಅಕ್ಷರಗಳನ್ನು ಅಕ್ಷರಕ್ಕೊಬ್ಬರಂತೆ ಕಲಾವಿದರು ಬರೆದರು. ಬಣ್ಣ ಬೇಗ ಸವೆದಾಗ ನಗರಾಡಳಿತವೇ ಖರ್ಚು ಹಾಕಿ ಗಟ್ಟಿ ಬಣ್ಣದಲ್ಲಿ ಮತ್ತೆ ಬರೆಸಿತು. ಇದು ಮೆಚ್ಚತಕ್ಕದ್ದು. ಪೋರ್ಟ್‌ಲ್ಯಾಂಡಿನ ಆಪಲ್ ಮಳಿಗೆ ಗಾಜಿಗೆ ಪ್ಲೈವುಡ್ ಹೊಡೆದಿತ್ತು. ಅದರ ಮೇಲೆ ಎಮ್ಮಾ ಬರ್ಗರ್ ಎಂಬ ಯುವತಿ ಫ್ಲಾಯ್ಡ್ ಮುಖ ಬರೆದರು, ಮಿಕ್ಕವರು ಸೇರಿ ಉದ್ದಕ್ಕೂ ತುಂಬಿಸಿದರು. ಮಳಿಗೆಯವರು ಕೊನೆಗೆ ಹಲಗೆಗಳನ್ನು ಬಿಚ್ಚಿ ‘ಡೋಂಟ್ ಶೂಟ್ ಪೋರ್ಟ್‌ಲ್ಯಾಂಡ್’ ಸಂಘಟನೆಗೆ ದಾನ ಮಾಡಿದರು. ಪ್ಲೈವುಡ್ ಕೊಟ್ಟರು, ಗೋಡೆ ತಮ್ಮಲ್ಲೇ ಉಳಿಯಿತು.

ಮ್ಯೂಸಿಯಂಗಳೂ ಎಚ್ಚೆತ್ತಿವೆ. 2023ರ ಸೆಪ್ಟೆಂಬರಿನಲ್ಲಿ ಪೋರ್ಟ್‌ಲ್ಯಾಂಡ್ ಆರ್ಟ್ ಮ್ಯೂಸಿಯಂ ‘ಬ್ಲ್ಯಾಕ್ ಆರ್ಟಿಸ್ಟ್ಸ್ ಆಫ್ ಒರೆಗಾನ್’ ಎಂಬ ಪ್ರದರ್ಶನ ತೆರೆಯಿತು. ರೂಪಿಸಿದವರು ಇಂಟಿಸಾರ್ ಅಬಿಯೊಟೊ. ಮೆಂಫಿಸ್‌ನಿಂದ ಬಂದ ಇವರು ಪೋರ್ಟ್‌ಲ್ಯಾಂಡಿನ ಬೀದಿಗಳಲ್ಲಿ ಎದುರಾದ ಕಪ್ಪು ಜನರ ಫೋಟೋ ತೆಗೆಯುತ್ತ, ಇಲ್ಲಿ ಕಪ್ಪು ಜನರೇ ಇಲ್ಲ ಎಂಬ ಮಾತಿಗೆ ವರ್ಷಗಳ ಕಾಲ ಉತ್ತರ ಕೊಟ್ಟವರು. ಗ್ರಾಫ್ಟನ್ ಬ್ರೌನ್‌ನಿಂದ ಇಂದಿನವರವರೆಗೆ ಅರವತ್ತಕ್ಕೂ ಹೆಚ್ಚು ಕಲಾವಿದರನ್ನು ಒಂದೇ ಕಡೆ ಸೇರಿಸಿದರು. ಇಂಥ ಪ್ರದರ್ಶನಕ್ಕೆ ಒಂದು ರಾಜ್ಯ ಅಷ್ಟು ಕಾಲ ಕಾಯಬೇಕಾಯಿತೇ ಎಂದು ಕೇಳಬಹುದು. ಆದರೆ ಅದು 2024ರ ಮಾರ್ಚಿನಲ್ಲಿ ಮುಗಿಯಿತು, ಕೃತಿಗಳು ಬಂದ ಮನೆಗಳಿಗೆ ಮರಳಿದವು.

ಮುಗಿಯದಂಥದ್ದನ್ನು ಕಟ್ಟಲು ಹೊರಟವರ ಅನುಭವ ಬೇರೆ. ಸಿಯಾಟಲಿನ ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ 1970ರ ಹೊತ್ತಿಗೆ ಶೇ. 70ಕ್ಕೂ ಹೆಚ್ಚು ಜನ ಕಪ್ಪು ಜನ. ಕಪ್ಪು ಜನರಿಗೆ ಮನೆ ಮಾರಕೂಡದೆಂಬ ಕರಾರುಪತ್ರಗಳೂ ಸಾಲ ಕೊಡದ ಬ್ಯಾಂಕುಗಳೂ ಅವರನ್ನು ಅಲ್ಲಿಗೆ ತಳ್ಳಿದ್ದವು. ಬಣ್ಣ ನೋಡದೆ ಮನೆ ಮಾರಬೇಕೆಂಬ ಕಾನೂನನ್ನು 1964ರಲ್ಲಿ ಸಿಯಾಟಲಿನ ಮತದಾರರು ಎರಡಕ್ಕೊಂದರ ಅಂತರದಲ್ಲಿ ತಿರಸ್ಕರಿಸಿದ್ದರು. ಅದು ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ನಂತರ. ಸಂಗೀತಗಾರರಾದ ಕ್ವಿನ್ಸಿ ಜೋನ್ಸ್, ಜಿಮಿ ಹೆಂಡ್ರಿಕ್ಸ್ ಇಬ್ಬರೂ ಓದಿದ ಗಾರ್ಫೀಲ್ಡ್ ಹೈಸ್ಕೂಲು ಇದೇ ಬಡಾವಣೆಯದು. ಇಲ್ಲಿಗೆ ಹತ್ತಿರದಲ್ಲೇ ಮುಚ್ಚಿಹೋದ ಕೋಲ್ಮನ್ ಶಾಲೆಯ ಕಟ್ಟಡವಿತ್ತು. 1985ರಲ್ಲಿ ಕೆಲವರು ಒಳನುಗ್ಗಿ, ಇದನ್ನು ನಮ್ಮ ಮ್ಯೂಸಿಯಂ ಮಾಡಿಕೊಡಿ ಎಂದು ಕೂತರು. ವಿದ್ಯುತ್ತಿಲ್ಲ, ಬೆಚ್ಚನೆಯ ವ್ಯವಸ್ಥೆಯಿಲ್ಲ. ಎಂಟು ವರ್ಷ ಕೂತರು. ನಾರ್ತ್‌ವೆಸ್ಟ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಅಲ್ಲಿ ಬಾಗಿಲು ತೆರೆದದ್ದು 2008ರಲ್ಲಿ. ಅಷ್ಟರಲ್ಲಿ ಸುತ್ತಲಿನ ಕಪ್ಪು ಕುಟುಂಬಗಳು ತೆರಿಗೆ, ಬಾಡಿಗೆ ತಾಳಲಾರದೆ ದಕ್ಷಿಣದ ಕೆಂಟ್, ರೆಂಟನ್ ಕಡೆ ಹೊರಟಾಗಿತ್ತು. ಇಂದು ಆ ಬಡಾವಣೆಯಲ್ಲಿ ಕಪ್ಪು ಜನ ಐದರಲ್ಲೊಂದು ಭಾಗಕ್ಕಿಂತ ಕಡಿಮೆ.

ಉಳಿದವರು ಪಾಠ ಕಲಿತರು. 1951ರಲ್ಲಿ ತನ್ನ ಅಜ್ಜ ಅಜ್ಜಿ ಕೊಂಡಿದ್ದ ಮನೆಯನ್ನು ಕಳೆದುಕೊಳ್ಳಬಾರದೆಂದು ಇನ್ಯೆ ವೊಕೊಮಾ ಎಂಬ ಕಲಾವಿದ, ಗೆಳೆಯರ ಜೊತೆ ಸೇರಿ 2019ರಲ್ಲಿ ಅದನ್ನು ‘ವಾ ನಾ ವಾರಿ’ ಎಂಬ ಕಲಾಕೇಂದ್ರ ಮಾಡಿದರು. ದೊಡ್ಡ ಸಭಾಂಗಣವೇನಲ್ಲ, ಸಂಸಾರ ನಡೆದ ಮನೆಯೇ. ನಡುಮನೆಯಲ್ಲಿ ಚಿತ್ರ, ಮಲಗುವ ಕೋಣೆಯಲ್ಲಿ ವಿಡಿಯೋ, ಮೆಟ್ಟಿಲ ಮೇಲೆ ಮಾತುಕತೆ, ಮುಂದಿನ ಜಗಲಿಯಲ್ಲಿ ಸಂಗೀತ. ಕೇಂದ್ರ ಕೊಡುವ ಬಾಡಿಗೆಯಿಂದ ಮನೆ ಕುಟುಂಬದ ಕೈಯಲ್ಲೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಅಕ್ಕಪಕ್ಕದ ಮನೆಗಳ ಅಂಗಳ, ಜಗಲಿಗಳಲ್ಲೆಲ್ಲ ಕಲೆಯ ಹಬ್ಬ. ಅಲ್ಲಿಂದ ಸ್ವಲ್ಪ ದೂರದಲ್ಲಿ, 1968ರಲ್ಲಿ ಕಪ್ಪು ಜನ ಸ್ಥಾಪಿಸಿದ್ದ ಲಿಬರ್ಟಿ ಬ್ಯಾಂಕಿನ ನಿವೇಶನದಲ್ಲಿ 2019ರಲ್ಲಿ 115 ಅಗ್ಗದ ಮನೆಗಳ ಕಟ್ಟಡ ಎದ್ದಿದೆ, ಅದರ ಒಳಹೊರಗೆಲ್ಲ ಕಪ್ಪು ಕಲಾವಿದರ ಕೆಲಸ. ಇದರ ಹಿಂದಿರುವ ಆಫ್ರಿಕಾಟೌನ್ ಭೂ ಟ್ರಸ್ಟ್ ಪ್ರದರ್ಶನ ಏರ್ಪಡಿಸುವ ಸಂಸ್ಥೆಯಲ್ಲ, ಜಮೀನು ಹಿಡಿದಿಡುವ ಸಂಸ್ಥೆ. ಪೋರ್ಟ್‌ಲ್ಯಾಂಡಿನಲ್ಲಿ ಆಲ್ಬೈನಾ ವಿಷನ್ ಟ್ರಸ್ಟ್ ಅದೇ ಕೆಲಸಕ್ಕೆ ಕೈಹಾಕಿದೆ.

ಒಂದು ಆಕ್ಷೇಪ ಬರಬಹುದು. ಲಾರೆನ್ಸ್ ತಮ್ಮ ಸಿಯಾಟಲ್ ದಿನಗಳನ್ನು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಳೆದರು, ನಾಟಕಕಾರ ಆಗಸ್ಟ್ ವಿಲ್ಸನ್ ಅದೇ ಊರಿನಲ್ಲಿ ಹದಿನೈದು ವರ್ಷ ಇದ್ದು ಕಾಫಿ ಅಂಗಡಿಗಳಲ್ಲಿ ಕೂತು ನಾಟಕ ಬರೆದರು, ಆಸ್ತಿಗೂ ಕಲೆಗೂ ಗಂಟುಹಾಕುವುದೇಕೆ ಎಂದು. ದೊಡ್ಡ ಪ್ರತಿಭೆ ಎಲ್ಲಿದ್ದರೂ ದಾರಿ ಮಾಡಿಕೊಳ್ಳುತ್ತದೆ, ಒಪ್ಪೋಣ. ಆದರೆ ಸಮುದಾಯವೊಂದರ ಕಲೆ ಎಂದರೆ ಇಬ್ಬರು ದೊಡ್ಡವರಲ್ಲ. ಚರ್ಚಿನ ಗಾಯಕಿ, ಬೋರ್ಡು ಬರೆಯುವವನು, ಕೌದಿ ಹೊಲಿಯುವ ಅಜ್ಜಿ, ಗೋಡೆ ಹುಡುಕುವ ಹುಡುಗ ಎಲ್ಲರೂ ಸೇರಬೇಕು, ಒಂದೇ ಬೀದಿಯಲ್ಲಿ ಮೂರು ತಲೆಮಾರು ಬದುಕಬೇಕು. ಶೇ. 6 ಜನರನ್ನು ನಲವತ್ತು ಮೈಲಿಗೆ ಚದುರಿಸಿದ ಮೇಲೆ ಮ್ಯೂಸಿಯಂ ಎಷ್ಟು ಚಿತ್ರ ತೂಗುಹಾಕಿದರೂ ಅದು ಕೂಡಿಬರುವುದಿಲ್ಲ.

ಇದು ಕಪ್ಪು ಜನರ ಕತೆ ಮಾತ್ರವಲ್ಲ, ಭಾರತದಿಂದ ಹೋದ ನಮ್ಮವರಿಗೂ ಈ ನೆಲದ ಜೊತೆ ಹಳೆಯ ಲೆಕ್ಕವಿದೆ. 1907ರಲ್ಲಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್ ಊರಿನ ಮರದ ಮಿಲ್ಲುಗಳಿಂದ ಭಾರತೀಯ ಕೂಲಿಕಾರರನ್ನು ಬಿಳಿಯರ ಗುಂಪು ರಾತ್ರೋರಾತ್ರಿ ಹೊಡೆದೋಡಿಸಿತು. ಗದರ್ ಚಳವಳಿಯ ಸಂಘಟನೆ 1913ರಲ್ಲಿ ರೂಪುಗೊಂಡದ್ದು ಒರೆಗಾನಿನ ಆಸ್ಟೋರಿಯಾದಲ್ಲಿ. ಒರೆಗಾನಿನ ನ್ಯಾಯಾಲಯ ಪೌರತ್ವ ಕೊಟ್ಟಿದ್ದ ಭಗತ್ ಸಿಂಗ್ ಥಿಂಡ್ ಅವರನ್ನು, ನೀವು ಬಿಳಿಯರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟು ಹೊರಗಿಟ್ಟಿತು. ಥಿಂಡ್ ಅವರ ವಾದ ತಾನು ಆರ್ಯ, ಮೇಲ್ಜಾತಿಯವನು, ಹಾಗಾಗಿ ಬಿಳಿಯನೇ ಎಂಬುದಾಗಿತ್ತು ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಕೀಳಾಗಿ ಕಾಣಬೇಡಿ ಎನ್ನುವ ಬದಲು ನನ್ನನ್ನು ಮೇಲಿನವರ ಸಾಲಿಗೆ ಸೇರಿಸಿ ಎಂದು ಕೇಳಿದ್ದರು.

ಈಗ ಕಾಲ ಬದಲಾಗಿದೆ. ಬೆಲ್‌ವ್ಯೂ, ರೆಡ್ಮಂಡ್, ಬೀವರ್ಟನ್, ಹಿಲ್ಸ್‌ಬರೋಗಳಲ್ಲಿ ಕನ್ನಡ ಕೇಳಿಸುತ್ತದೆ, ರಾಜ್ಯೋತ್ಸವ ನಡೆಯುತ್ತದೆ. ಮೈಕ್ರೋಸಾಫ್ಟ್, ಅಮೆಜಾನ್, ಇಂಟೆಲ್‌ಗಳ ಸಂಬಳದಿಂದ ಮನೆಗಳ ಬೆಲೆ ಏರಿದ್ದರಲ್ಲಿ ನಮ್ಮವರ ಪಾಲೂ ಇದೆ. ಅದಕ್ಕೆ ಯಾರೂ ತಪ್ಪಿತಸ್ಥರಂತೆ ತಲೆತಗ್ಗಿಸಬೇಕಾಗಿಲ್ಲ, ಆದರೆ ಗೊತ್ತಿರಬೇಕು. ಅಲ್ಲಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಊರಿಂದ ಅಪ್ಪ ಅಮ್ಮ ಬಂದಾಗ ಸ್ಪೇಸ್ ನೀಡಲ್, ಬೋಯಿಂಗ್ ಕಾರ್ಖಾನೆ ತೋರಿಸಿದ ಮೇಲೆ ಒಂದು ಮಧ್ಯಾಹ್ನ ಸೆಂಟ್ರಲ್ ಡಿಸ್ಟ್ರಿಕ್ಟ್‌ಗೆ ಹೋಗಿ, ವಾ ನಾ ವಾರಿಯ ಆ ಹಳೆಯ ಮನೆಯ ಜಗಲಿ ಹತ್ತಿ. ಚಿತ್ರ ಹಿಡಿಸಿದರೆ ಕಲಾವಿದರ ಕೈಯಿಂದಲೇ ಕೊಳ್ಳಿ. ನಿಮ್ಮ ಬಡಾವಣೆಯಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡುವ ಸಭೆ ನಡೆದಾಗ, ಆ ಜಾಗದಲ್ಲಿ ಮೊದಲು ಯಾರಿದ್ದರು, ಅವರಿಗೆ ಎಷ್ಟು ಮನೆ ಮೀಸಲಿಟ್ಟಿದ್ದೀರಿ ಎಂದು ಎದ್ದು ಕೇಳಿ.